ಬಾಗಿಲಲ್ಲಿ ನಿಂತು ಕೊಟ್ಟ ಏಳು ಡಬ್ಬಿ

ಮನೆಗೆ ಬಂದವರನ್ನು ಹೇಗೆ ಮಾತಾಡಿಸಬೇಕು ಎನ್ನುವುದು ನನಗೆ ಐವತ್ತೇಳನೆಯ ವಯಸ್ಸಿನವರೆಗೂ ಚೆನ್ನಾಗಿ ಗೊತ್ತಿತ್ತು. ಈಗ ಗೊತ್ತಿಲ್ಲ. ಬೆಲ್ ಆಗುತ್ತದೆ, ಬಾಗಿಲು ತೆಗೆಯುತ್ತೇನೆ, ಎದುರಿಗೆ ಒಳ್ಳೆಯ ಸೀರೆ ಉಟ್ಟ ಹೆಂಗಸೊಬ್ಬರು ನಗುತ್ತಾ ನಿಂತಿರುತ್ತಾರೆ. ಅವರು ನೆಂಟರೋ, ಗಿರಾಕಿಯೋ, ಇಲ್ಲ ನನ್ನ ಹೆಂಡತಿಯ ಕೈಕೆಳಗೆ ಹೊಸದಾಗಿ ಸೇರಿಕೊಂಡ ಮಾರಾಟಗಾರ್ತಿಯೋ ಒಂದೂ ತಿಳಿಯುವುದಿಲ್ಲ. ನೆಂಟರಾದರೆ ಕಾಫಿ ಕೊಡಬೇಕು. ಗಿರಾಕಿಯಾದರೂ ಕಾಫಿ ಕೊಡಬೇಕು, ಆದರೆ ಮುಖ ಬೇರೆ ಮಾಡಿಕೊಂಡು. ನಾನು ಎರಡಕ್ಕೂ ಸಲ್ಲುವಂಥ ಒಂದು ನಗೆಯನ್ನು ಅಭ್ಯಾಸ ಮಾಡಿಟ್ಟುಕೊಂಡಿದ್ದೇನೆ. ಆ ನಗೆ ನಕ್ಕಾಗ ಹಲ್ಲುನೋವು ಬಂದವನ ಹಾಗೆ ಕಾಣುತ್ತೇನೆಂದು ನನ್ನ ಮಗಳು ಪ್ರಜ್ಞಾ ಹೇಳುತ್ತಾಳೆ.

ಹಾಗೆಂದು ನಾನು ಪೆದ್ದನೇನಲ್ಲ. ಡೊಂಬಿವಲಿ ಸ್ಟೇಷನ್ನಿನಲ್ಲಿ ಬೋರ್ಡು ನೋಡದೆ, ಬರುವ ಗಾಡಿಯ ಸದ್ದು ಕೇಳಿಯೇ ಅದು ನಿಲ್ಲುತ್ತದೋ ಇಲ್ಲವೋ ಹೇಳಬಲ್ಲೆ. ಠಾಣೆ ಎಂಬ ಊರಿನ ನಮ್ಮ ಆಫೀಸಿನಲ್ಲಿ ಯಾರಿಗೂ ಸಿಗದ ಹಳೆಯ ಫೈಲು ಯಾವ ಕಪಾಟಿನ ಹಿಂದೆ ಬಿದ್ದಿದೆ ಎಂಬುದು ಇಂದಿಗೂ ನನಗೊಬ್ಬನಿಗೇ ಗೊತ್ತು. ನನ್ನ ಗೊಂದಲ ಹೊರಗಿನದ್ದಲ್ಲ, ಮನೆಯ ಹಾಲ್‌ನೊಳಗಿನದ್ದು. ಎರಡು ಕೋಣೆಯ ನಮ್ಮ ಫ್ಲ್ಯಾಟಿನಲ್ಲಿ ಒಂದೇ ಒಂದು ಹಾಲ್ ಇದೆ. ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲಾರದ ಯಜಮಾನ ಇಡೀ ಕಟ್ಟಡದಲ್ಲಿ ನಾನೊಬ್ಬನೇ ಇರಬೇಕು.

ಇದಕ್ಕೆ ನನ್ನ ಮಾವನನ್ನೂ ಸ್ವಲ್ಪ ಬೈಯಬೇಕು. ಉಡುಪಿಯಿಂದ ಹದಿನೆಂಟರ ಹರೆಯದಲ್ಲಿ ಬಂದ ನಾನು ಮೊದಲು ಇಳಿದದ್ದು ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿ, ಸೋದರಮಾವನ ಸಣ್ಣ ಹೋಟೆಲಿನಲ್ಲಿ. ಮುಂದೆ ಹೋಟೆಲು, ಹಿಂದೆ ಒಂದೇ ಕೋಣೆಯ ಸಂಸಾರ, ನಡುವೆ ಹೂವಿನ ಚಿತ್ರದ ಒಂದು ಪರದೆ. ಮಾವನ ಕಾನೂನು ಸರಳವಾಗಿತ್ತು. ಪರದೆಯ ಆಚೆ ಕೂತು ತಿಂದವನು ಗಿರಾಕಿ, ಅವನು ಅರ್ಧ ಚಟ್ನಿ ಹೆಚ್ಚು ಕೇಳಿದರೂ ಮಾವ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅದೇ ಮನುಷ್ಯ ಪರದೆ ಸರಿಸಿ ಈಚೆ ಬಂದು ಚಾಪೆಯ ಮೇಲೆ ಕೂತನೋ, ಅವನು ನೆಂಟ. ಅವನು ಸಾಕು ಎಂದ ಮೇಲೂ ಮೂರು ದೋಸೆ ಬಡಿಸಬೇಕು, ಹೋಗುವಾಗ ಕೈಯಲ್ಲಿ ಏನಾದರೂ ಕೊಟ್ಟು ಕಳಿಸಬೇಕು. ಬರಿಗೈಯಲ್ಲಿ ಕಳಿಸಿದರೆ ಅತ್ತೆ ಎರಡು ದಿನ ಮಾವನ ಹತ್ತಿರ ಮಾತಾಡುತ್ತಿರಲಿಲ್ಲ. ನನಗೆ ಈ ಪ್ರಪಂಚದಲ್ಲಿ ಯಾರಾದರೂ ಏನಾದರೂ ಸ್ಪಷ್ಟವಾಗಿ ಕಲಿಸಿದ್ದರೆ ಅದು ಆ ಪರದೆಯೇ. ನಮ್ಮ ಮನೆಯಲ್ಲಿ ಅಂಥ ಪರದೆ ಇಲ್ಲ ಎನ್ನುವುದು ನನ್ನ ಗಮನಕ್ಕೆ ಬಂದದ್ದು ಈ ಜನವರಿಯಲ್ಲಿ.

ನನ್ನ ಹೆಂಡತಿ ವನಜಾ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಮಾರಲು ಹೊರಟಿದ್ದಳು. ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲ ಅವು. ಮುಚ್ಚಳ ಒತ್ತಿದರೆ ಗಾಳಿ ಹೋಗುವುದಿಲ್ಲ, ತಲೆಕೆಳಗೆ ಮಾಡಿದರೆ ಸಾರು ಚೆಲ್ಲುವುದಿಲ್ಲ, ಒಳಗಿಟ್ಟ ಹಪ್ಪಳ ಮಳೆಗಾಲದಲ್ಲೂ ಮೆತ್ತಗಾಗುವುದಿಲ್ಲ. ಇವನ್ನು ಅಂಗಡಿಯಲ್ಲಿ ಇಡುವುದಿಲ್ಲವಂತೆ. ಒಬ್ಬರ ಮನೆಯಲ್ಲಿ ಪರಿಚಯದ ಹೆಂಗಸರನ್ನು ಕರೆದು, ಡಬ್ಬಿಗಳನ್ನು ಸಾಲಾಗಿಟ್ಟು, ನೀರು ತುಂಬಿ ಬೋರಲು ಮಾಡಿ ತೋರಿಸಿ, ಆಟ ಆಡಿಸಿ, ತಿಂಡಿ ಕೊಟ್ಟು, ಕೊನೆಯಲ್ಲಿ ಆರ್ಡರು ಬರೆದುಕೊಳ್ಳಬೇಕು. ಇದಕ್ಕೆ ಪಾರ್ಟಿ ಎಂದು ಹೆಸರು. ವನಜಾಳನ್ನು ಇದಕ್ಕೆ ಸೇರಿಸಿಕೊಂಡವರು ವಾಶಿಯ ನಿಶಾ ಮೇಡಂ. ಅವರು ಎಲ್ಲಿ ಕಂಡರೂ ಒಂದು ಡಬ್ಬಿಯನ್ನು ತಲೆಕೆಳಗೆ ಹಿಡಿದುಕೊಂಡೇ ಕಾಣುತ್ತಾರೆ. ವನಜಾ ನನಗೆ ಇದನ್ನೆಲ್ಲ ಮೂರು ಸಲ ವಿವರಿಸಿದಳು. ಮೂರು ಸಲವೂ ನಾನು ತಲೆಯಾಡಿಸಿದೆ, ಮೂರು ಸಲವೂ ಕೊನೆಗೆ, "ಹಾಗಾದರೆ ಬಂದವರು ನೆಂಟರಾ?" ಎಂದು ಕೇಳಿದೆ.

"ನಿಮಗೆ ಹೇಳಿದ್ದೇ ತಪ್ಪು," ಎಂದಳು. "ನೀವು ಬೆಡ್‌ರೂಮಿನಲ್ಲಿ ಕೂತುಕೊಳ್ಳಿ. ಅಷ್ಟು ಮಾಡಿದರೆ ದೊಡ್ಡ ಉಪಕಾರ."

ಇಷ್ಟು ವರ್ಷ ಅವಳು ನನಗೂ ಮಗಳಿಗೂ ಡಬ್ಬಿ ಕಟ್ಟಿದವಳು. ತನ್ನದೇ ಅಂತ ಒಂದು ಕೆಲಸ ಮಾಡಬೇಕೆಂದು ಅವಳು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಮೊದಲ ಪಾರ್ಟಿ ನಮ್ಮ ಮನೆಯಲ್ಲೇ, ಸಂಕ್ರಾಂತಿ ಕಳೆದ ಭಾನುವಾರ ಮಧ್ಯಾಹ್ನ ಎಂದಾಯಿತು. ಅಲ್ಲೇ ನೋಡಿ ಎಡವಟ್ಟಾದದ್ದು.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಡೊಂಬಿವಲಿಯಲ್ಲಿ ಮನೆಮನೆಯಲ್ಲೂ ಅರಸಿನ ಕುಂಕುಮ. ಮುತ್ತೈದೆಯರನ್ನು ಕರೆದು, ಹಣೆಗೆ ಹಚ್ಚಿ, ಎಳ್ಳುಂಡೆ ಕೊಟ್ಟು, ಹೋಗುವಾಗ ಒಂದು ವಸ್ತುವನ್ನು ಕೈಯಲ್ಲಿಟ್ಟು ಕಳಿಸಬೇಕು. ಅದಕ್ಕೆ ವಾಣ ಎನ್ನುತ್ತಾರೆ. ಸ್ಟೀಲಿನ ಬಟ್ಟಲು, ಚಹಾ ಸೋಸುವ ಜಾಲರಿ, ಹೆಚ್ಚಾಗಿ ಪ್ಲಾಸ್ಟಿಕ್ ಡಬ್ಬಿ. ಇಪ್ಪತ್ತೆರಡು ವರ್ಷದಿಂದ ಈ ಕಟ್ಟಡದಲ್ಲಿದ್ದೇವೆ. ಪ್ರತಿ ಜನವರಿಯೂ ನಮ್ಮ ಮನೆಗೆ ಬರುವ ವಾಣದ ಡಬ್ಬಿಗಳನ್ನು ಅಟ್ಟದ ಮೇಲೆ ಪೇರಿಸುವವನು ನಾನೇ. ಈ ತಿಂಗಳಲ್ಲಿ ಮನೆಗೆ ಬಂದ ಮುತ್ತೈದೆಗೆ ಕುಂಕುಮ ಕೊಡದೆ ಕಳಿಸುವುದು ಹೇಗೆ ಎಂದು ವನಜಾ, ಪಾರ್ಟಿಗೆ ಬಂದವರಿಗೂ ಅರಸಿನ ಕುಂಕುಮ ಹಚ್ಚಿದಳು, ಎಳ್ಳುಂಡೆಯನ್ನೂ ಕೊಟ್ಟಳು. ನಾನು ಬೆಡ್‌ರೂಮಿನಲ್ಲಿ ಪೇಪರು ಹಿಡಿದುಕೊಂಡು ಕೂತು, ಬಳೆಯ ಸದ್ದು, ನಗುವಿನ ಸದ್ದು, ನಡುವೆ ಬಕೆಟಿಗೆ ನೀರು ಬೀಳುವ ಸದ್ದು ಕೇಳುತ್ತಾ ಜೊಂಪು ಹತ್ತಿಸಿಕೊಂಡೆ.

ನನಗೆ ಎಚ್ಚರವಾದದ್ದು ಪಕ್ಕದ ಮನೆಯ ಶಾಲಿನಿತಾಯಿಯ ದನಿಗೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. "ಯೇತೇ ಹಾಂ, ಭಾವೋಜಿ," ಎಂದು ಬಾಗಿಲ ಹತ್ತಿರದಿಂದ ನನ್ನನ್ನೇ ಕರೆದು ಹೇಳಿದರು, ಹೋಗಿ ಬರುತ್ತೇನೆ ಎಂದು. ಹೊರಗೆ ಬಂದೆ. ಐದು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತದೆ, ಎಲ್ಲರಿಗೂ ಅವಸರ, ಏಳೂ ಜನ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ವನಜಾ ಇರಲಿಲ್ಲ. ಆರ್ಡರಿನ ಕಾಗದ ತುಂಬುವುದು ಹೇಗೆಂದು ನಿಶಾ ಮೇಡಂ ಅವರನ್ನು ಕೇಳಲು ಅವಳು ಅಡುಗೆಮನೆಯ ಬಾಲ್ಕನಿಗೆ ಹೋಗಿದ್ದಳು. ಫೋನಿನ ಮಾತು ಸರಿಯಾಗಿ ಕೇಳುವುದು ಅಲ್ಲಿ ಮಾತ್ರ. ಈಗ ನೀವೇ ಹೇಳಿ. ಜನವರಿ ತಿಂಗಳು. ಏಳು ಮುತ್ತೈದೆಯರು. ಏಳು ಹಣೆಯ ಮೇಲೂ ಹಸಿ ಕುಂಕುಮ. ಟೀಪಾಯಿಯ ಮೇಲೆ ಸಾಲಾಗಿ ಏಳು ಹೊಸ ಡಬ್ಬಿ. ಎಲ್ಲರೂ ಬರಿಗೈಯಲ್ಲಿ ಹೊರಟು ನಿಂತಿದ್ದಾರೆ. ತೀರಿಹೋದ ನನ್ನ ಅತ್ತೆ ಮೇಲಿನಿಂದ ನೋಡುತ್ತಿದ್ದಾರೆ. ನಾನು ಇನ್ನೇನು ಮಾಡಬೇಕಿತ್ತು?

ಅತಿ ದೊಡ್ಡ ಡಬ್ಬಿಯನ್ನು ಶಾಲಿನಿತಾಯಿಯ ಕೈಗಿಟ್ಟೆ. ಅವರು, "ಇಷ್ಟು ದೊಡ್ಡದಾ?" ಎಂದು ಹಿಂಜರಿದರು. "ಇರಲಿ ಇರಲಿ, ನಮ್ಮೊಳಗೆ ಎಂಥದ್ದು," ಎಂದೆ. ಉಳಿದ ಆರು ಜನಕ್ಕೂ ಒಂದೊಂದು ಕೊಟ್ಟೆ. ಒಬ್ಬರು ಬೇಡವೆಂದರು, ಅವರಿಗೆ ಒತ್ತಾಯ ಮಾಡಿದೆ. ಇನ್ನೊಬ್ಬರು, ವನಜಾ ಒಂದು ಗಂಟೆ ಇದನ್ನು ಹೇಗೆ ಬಳಸಬೇಕೆಂದು ಹೇಳಿಕೊಟ್ಟದ್ದು ಇದಕ್ಕೇ ಇರಬೇಕು ಎಂದು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಏಳು ಜನ, ಏಳು ಡಬ್ಬಿ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ವನಜಾಳ ಅಂದಾಜು ಎಷ್ಟು ಕರಾರುವಾಕ್ಕು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ವನಜಾ ಕಾಗದ ಹಿಡಿದುಕೊಂಡು ಬಂದಳು. ಬರಿದಾದ ಟೀಪಾಯಿ ನೋಡಿದಳು. "ಡಬ್ಬಿಗಳು?" ಎಂದಳು.

ನನ್ನ ಹೆಂಡತಿಯ ಸಿಟ್ಟಿಗೆ ಭಾಷೆಗಳುಂಟು. ಸಣ್ಣ ಸಿಟ್ಟು ನಮ್ಮ ಮನೆಮಾತಾದ ತುಳುವಿನಲ್ಲೇ ಬರುತ್ತದೆ, ಅದಕ್ಕೆ ನಾನು ಹೆದರುವುದಿಲ್ಲ. ದೊಡ್ಡ ಸಿಟ್ಟು ಕನ್ನಡದಲ್ಲಿ. ಅದಕ್ಕೂ ಮೇಲಿನದಕ್ಕೆ ಭಾಷೆಯೇ ಇಲ್ಲ, ಪಾತ್ರೆಗಳ ಸದ್ದು ಮಾತ್ರ. ಆ ಒಂದು ಶಬ್ದವನ್ನು ಅವಳು ಕನ್ನಡದಲ್ಲಿ ಕೇಳಿದಾಗಲೇ ನನಗೆ ಎಲ್ಲೋ ತಪ್ಪಾಗಿದೆ ಎಂದು ಹೊಳೆಯಿತು. ಕೊಟ್ಟೆ ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ತಗೊಂಡು ಹೋದರು," ಎಂದೆ.

ಅದು ಸುಳ್ಳೇನಲ್ಲ. ಅವರು ತಗೊಂಡೇ ಹೋದದ್ದು. ಆದರೆ ವನಜಾ ಬಾಗಿಲಿಗೆ ಓಡಿ ಇಣುಕಿದಾಗ, ಅತಿ ದೊಡ್ಡ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡ ಶಾಲಿನಿತಾಯಿ ತಮ್ಮ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ವನಜಾಳ ಮುಖ ಕಪ್ಪಿಟ್ಟಿತು. "ಬೇರೆಯವರಿಗೆ ಗೊತ್ತಾಗಲಿಲ್ಲ ಅಂತ ಇಟ್ಟುಕೊಳ್ಳುವಾ," ಎಂದಳು. "ಶಾಲಿನಿಗೆ ಗೊತ್ತುಂಟಲ್ಲ. ಒಂದು ತಿಂಗಳಿಂದ ಎಲ್ಲ ಹೇಳಿದ್ದು ಅವಳ ಹತ್ತಿರವೇ ಅಲ್ಲವಾ. ಅದು ತೋರಿಸುವ ಸೆಟ್ಟು, ಮತ್ತೆ ಸಿಗುವುದಿಲ್ಲ, ಬರುವ ಭಾನುವಾರ ನಿಶಾ ಮೇಡಂ ಎದುರು ಆನ್‌ಲೈನ್ ಪಾರ್ಟಿ ಉಂಟು ಅಂತ ಎಲ್ಲ ಗೊತ್ತುಂಟು ಅವಳಿಗೆ. ಗೊತ್ತಿದ್ದೂ ಮೊದಲು ಎತ್ತಿದ್ದು ಅವಳೇ."

ಕುಂಕುಮದ ಜೊತೆ ಮನೆ ಬಿಟ್ಟ ವಸ್ತುವನ್ನು ವಾಪಸು ಕೇಳುವ ಹಾಗಿಲ್ಲ, ಅದು ಅಶುಭ. ಆದ್ದರಿಂದ ಅವಳು ಕೇಳಲಿಲ್ಲ. ಮಾತು ಬಿಟ್ಟಳು.

ಶಾಲಿನಿತಾಯಿ ಎಂದರೆ ಯಾರು ಎಂದು ನಿಮಗೆ ಹೇಳಬೇಕು. ವನಜಾ ಈ ಫ್ಲ್ಯಾಟಿಗೆ ಬಂದಾಗ ಒಂದಕ್ಷರ ಮರಾಠಿ ಬರುತ್ತಿರಲಿಲ್ಲ. ಅವಳನ್ನು ಕೈಹಿಡಿದು ಮಾರ್ಕೆಟ್ಟಿಗೆ ಕರೆದೊಯ್ದು, ಕೊತ್ತಂಬರಿ ಕಟ್ಟಿಗೆ ಹೇಗೆ ಜಗಳವಾಡಬೇಕೆಂದು ಕಲಿಸಿದವರು ಅವರು. ಪ್ರಜ್ಞಾಳಿಗೆ ಜ್ವರ ಬಂದು ನಾನು ಠಾಣೆಯ ಆಫೀಸಿನಲ್ಲಿ ಸಿಕ್ಕಿಬಿದ್ದ ದಿನ, ಮಗುವನ್ನೆತ್ತಿಕೊಂಡು ರಿಕ್ಷಾದಲ್ಲಿ ಪಕ್ಕದ ಊರಾದ ಕಲ್ಯಾಣದ ಡಾಕ್ಟರ ಹತ್ತಿರ ಓಡಿದವರೂ ಅವರೇ. ವನಜಾ ಪ್ರತಿಯಾಗಿ ಅವರಿಗೆ ಕಲಿಸಿದ್ದು ನಮ್ಮ ಕಡೆಯ ಒಂದು ಪದ್ಧತಿ: ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ಅಂದಿನಿಂದ ಎರಡು ಮನೆಯ ಬಾಲ್ಕನಿಯ ನಡುವೆ ಬಟ್ಟಲುಗಳು ತುಂಬಿಕೊಂಡೇ ಓಡಾಡುತ್ತಿದ್ದವು. ಯಾವ ಬಟ್ಟಲು ಯಾರದೆಂದು ಇಬ್ಬರಿಗೂ ಮರೆತುಹೋಗಿತ್ತು.

ಆ ಬಾಲ್ಕನಿಯಲ್ಲಿ ಈಗ ಬಟ್ಟೆ ಹರವುವ ಸದ್ದು ಮಾತ್ರ. ಶಾಲಿನಿತಾಯಿ ಎರಡು ಸಲ ನಮ್ಮ ಬೆಲ್ ಒತ್ತಿದರು. ಎರಡು ಸಲವೂ ವನಜಾ ಬಾಗಿಲಿನ ಕಣ್ಣಿನಲ್ಲಿ ನೋಡಿ ತೆಗೆಯದೆ ಒಳಗೆ ಬಂದಳು. ಎರಡನೆಯ ಸಲ ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ನಾಚಿಕೆಯಾಯಿತು. ಹೇಳಿಬಿಡಬೇಕೆಂದು ಪ್ರತಿದಿನ ಗಾಡಿಯಲ್ಲಿ ನಿಂತು ಮಾತು ಜೋಡಿಸಿಕೊಳ್ಳುತ್ತಿದ್ದೆ. ಮುಂಬ್ರಾ ಬರುವಾಗ ಪೂರ್ತಿ ತಯಾರಾಗಿರುತ್ತಿತ್ತು, ಮನೆಯ ಮೆಟ್ಟಿಲು ಹತ್ತುವಾಗ ಅರ್ಧ ಉಳಿಯುತ್ತಿತ್ತು, ಚಪ್ಪಲಿ ಬಿಡುವಾಗ "ಸಾರು ಎಂತದ್ದು ಇವತ್ತು" ಎಂದು ಬಾಯಿಯಿಂದ ಬರುತ್ತಿತ್ತು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ತಪ್ಪು ಒಂದೇ ಇತ್ತು. ನಾಲ್ಕನೆಯ ದಿನಕ್ಕೆ ನಾಲ್ಕು ದಿನ ಸುಮ್ಮನಿದ್ದ ತಪ್ಪೂ ಸೇರಿಕೊಂಡಿತ್ತು.

ಹೀಗೆ ಭಾನುವಾರ ಬಂತು. ಆನ್‌ಲೈನ್ ಪಾರ್ಟಿ ಎಂದರೆ ಯಾರೂ ಮನೆಗೆ ಬರುವುದಿಲ್ಲ, ಎಲ್ಲರೂ ಅವರವರ ಮನೆಯಲ್ಲೇ ಕೂತು ಫೋನಿನಲ್ಲಿ ನೋಡುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಯಾರೂ ಬರದಿದ್ದರೆ ಯಾರಿಗೂ ಏನೂ ಕೊಡಲು ಬರುವುದಿಲ್ಲ. ನನಗೆ ಸಿಕ್ಕ ಕೆಲಸ ಫೋನು ಹಿಡಿದುಕೊಂಡು ನಿಲ್ಲುವುದು. "ಪಪ್ಪಾ, ಫೋನ್ ಆಡವಾ ಧರಾ," ಎಂದು ಪ್ರಜ್ಞಾ ಮರಾಠಿಯಲ್ಲಿ ಹೇಳಿ ಅಡ್ಡಡ್ಡ ಹಿಡಿಯಲು ಕಲಿಸಿದಳು. ನಾವು ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಅವಳು ಮರಾಠಿಯಲ್ಲೇ ಉತ್ತರ ಕೊಡುವುದು. ಫೋನಿನೊಳಗೆ ಕಿಟಕಿಗಳ ಹಾಗೆ ಚೌಕ ಚೌಕವಾಗಿ ಮುಖಗಳು ತೆರೆದುಕೊಂಡವು. ಯಾರೋ ಪಲ್ಯ ಹೆಚ್ಚುತ್ತಿದ್ದರು, ಯಾರದೋ ಮನೆಯಲ್ಲಿ ಹಣೆ ಮಾತ್ರ ಕಾಣುತ್ತಿತ್ತು. ಒಂದು ಚೌಕದಲ್ಲಿ ನಿಶಾ ಮೇಡಂ. ಕೊನೆಯ ಚೌಕದಲ್ಲಿ ಶಾಲಿನಿತಾಯಿ. ಕಟ್ಟಡದ ಗುಂಪಿನಲ್ಲಿ ಅವರ ಹೆಸರು ಇದ್ದೇ ಇತ್ತು, ಅದನ್ನು ತೆಗೆಯಲು ವನಜಾಳಿಗೆ ಮನಸ್ಸು ಬಂದಿರಲಿಲ್ಲ.

ವನಜಾಳ ಹತ್ತಿರ ಉಳಿದದ್ದು ಒಂದೇ ಡಬ್ಬಿ, ಸಕ್ಕರೆ ಹಾಕಿಡುತ್ತಿದ್ದ ಅಂಗೈಯಷ್ಟಗಲದ್ದು. ಅದನ್ನೇ ಹಿಡಿದುಕೊಂಡು ಮರಾಠಿಯಲ್ಲಿ ಎಷ್ಟು ಚೆನ್ನಾಗಿ ಮಾತಾಡಿದಳು ಗೊತ್ತೇ? ನಾನು ಹೆಮ್ಮೆಯಿಂದ ತಲೆದೂಗಿದೆ. ಜೊತೆಗೆ ಫೋನೂ ತೂಗಿದ್ದಕ್ಕೆ ಪ್ರಜ್ಞಾ ಗದರಿದಳು. ಅಷ್ಟರಲ್ಲಿ ಒಂದು ಚೌಕ, "ದೊಡ್ಡ ಡಬ್ಬಿ ತೋರಿಸಿ," ಎಂದು ಕೇಳಿತು. ನಿಶಾ ಮೇಡಂ, "ಹೌದು ವನಜಾ, ದೊಡ್ಡದು ತೋರಿಸಿ, ಅದೇ ಮುಖ್ಯ," ಎಂದರು.

ವನಜಾ ಸಕ್ಕರೆ ಡಬ್ಬಿಯ ಮುಚ್ಚಳವನ್ನು ತೆಗೆದಳು, ಮುಚ್ಚಿದಳು. ಆಮೇಲೆ ನೆಲ ನೋಡುತ್ತಾ, "ದೊಡ್ಡದು ನನ್ನ ಹತ್ತಿರ ಇಲ್ಲ," ಎಂದಳು. "ನನ್ನವರು ಅಂದುಕೊಂಡವರೇ ಹೇಳದೆ ಕೇಳದೆ ತಗೊಂಡು ಹೋದರು."

ಪಲ್ಯ ಹೆಚ್ಚುವವರ ಚಾಕು ನಿಂತಿತು. ಕೊನೆಯ ಚೌಕದಿಂದ ಶಾಲಿನಿತಾಯಿ ಮೆಲ್ಲಗೆ ಹೇಳಿದರು. "ವನಜಾ, ನಾನು ಯಾಕೆ ತಗೊಳ್ಳಲಿ? ಭಾವೋಜಿ ಕೈಯಾರೆ ಕೊಟ್ಟರು. ಬೇಡ ಅಂದೆ. ನಮ್ಮೊಳಗೆ ಎಂಥದ್ದು ಅಂದರು. ನೀನೇ ಮನಸ್ಸು ಬದಲಾಯಿಸಿ ಎಲ್ಲರಿಗೂ ವಾಣ ಅಂತ ಕೊಡಿಸುತ್ತಿದ್ದೀ ಅಂದುಕೊಂಡೆ."

"ನನಗೂ ಅವರೇ ಕೊಟ್ಟದ್ದು," ಎಂದಿತು ಇನ್ನೊಂದು ಚೌಕ. "ನನಗೆ ಒತ್ತಾಯ ಮಾಡಿ ಕೊಟ್ಟರು," ಎಂದಿತು ಮತ್ತೊಂದು. ಏಳೂ ಚೌಕಗಳು ಸಾಕ್ಷಿ ಹೇಳಿ ಮುಗಿಸಿದವು.

ವನಜಾ ನನ್ನನ್ನು ನೋಡಿದಳು. "ಫೋನ್ ತಿರುಗಿಸಿ," ಎಂದಳು, ಶುದ್ಧ ಕನ್ನಡದಲ್ಲಿ.

ತಿರುಗಿಸಿದೆ. ಇಪ್ಪತ್ತಕ್ಕೂ ಹೆಚ್ಚು ಹೆಂಗಸರ ನಡುವೆ ನನ್ನ ಮುಖವೂ ಒಂದು ಚೌಕವಾಗಿ ಕಂಡಿತು. ಮಗಳು ಹೇಳಿದ್ದು ನಿಜ, ಆ ನಗೆ ಹಲ್ಲುನೋವಿನದ್ದೇ. ನಿಶಾ ಮೇಡಂ, "ನಮಸ್ಕಾರ ಸರ್," ಎಂದರು. ಗಾಡಿಯಲ್ಲಿ ಎಂಟು ದಿನದಿಂದ ಜೋಡಿಸಿದ್ದ ಮಾತೆಲ್ಲ ಮರೆತುಹೋಯಿತು. "ನಾನೇ ಕೊಟ್ಟದ್ದು," ಎಂದೆ. "ಪಾರ್ಟಿ ಯಾವುದು, ಅರಸಿನ ಕುಂಕುಮ ಯಾವುದು ಅಂತ ಗೊತ್ತಾಗಲಿಲ್ಲ. ಆಮೇಲೆ ಹೇಳಲಿಕ್ಕೆ ಹೆದರಿಕೆಯಾಯಿತು."

ಬೆಲ್ ಆಯಿತು. ಪ್ರಜ್ಞಾ ಬಾಗಿಲು ತೆಗೆದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಆ ದೊಡ್ಡ ಡಬ್ಬಿ ಹಿಡಿದುಕೊಂಡು ಶಾಲಿನಿತಾಯಿ ನಿಂತಿದ್ದರು. ಅವರು ಬಾಗಿಲಲ್ಲಿ ಆಡಿದ ಮಾತು ನನ್ನ ಕೈಯ ಫೋನಿನಿಂದಲೂ ಬರುತ್ತಿತ್ತು, ಯಾವ ಶಾಲಿನಿತಾಯಿಗೆ ಉತ್ತರಿಸಬೇಕೆಂದು ನನಗೆ ತಿಳಿಯಲಿಲ್ಲ. "ಆ ದಿನ ಸಂಜೆಯೇ ಮಾಡಿದೆ," ಎಂದರು. "ನಿನ್ನ ಡಬ್ಬಿ ಖಾಲಿ ಕೊಡಬಾರದಲ್ಲ. ಎರಡು ಸಲ ತಂದೆ. ನೀನು ಬಾಗಿಲು ತೆಗೆಯಲಿಲ್ಲ."

ವನಜಾ ಡಬ್ಬಿ ತೆರೆದಳು. ಒಳಗೆ ಗುಳಪೋಳಿ, ಎಳ್ಳು ಬೆಲ್ಲ ತುಂಬಿದ ತೆಳ್ಳನೆಯ ಗರಿಗರಿ ಹೋಳಿಗೆ. ಎಂಟು ದಿನದ ಹಿಂದಿನದ್ದು. ಅವಳು ಒಂದನ್ನು ಮುರಿದಳು. ಟಪ್ಪೆಂದು ಸದ್ದಾಯಿತು. ಫೋನು ನನ್ನ ಕೈಯಲ್ಲೇ ಇತ್ತು, ಅಡ್ಡಡ್ಡವಾಗಿಯೇ ಇತ್ತು, ಆ ಸದ್ದು ವಾಶಿಯವರೆಗೂ ಕೇಳಿತು.

ಆಮೇಲಿನದ್ದು ನನಗೆ ಸರಿಯಾಗಿ ನೆನಪಿಲ್ಲ. ಎಲ್ಲ ಚೌಕಗಳೂ ಒಟ್ಟಿಗೆ ಮಾತಾಡತೊಡಗಿದವು, ನನಗೊಂದು, ನನಗೆರಡು ಎನ್ನುತ್ತಿದ್ದವು. ಎಂಟು ದಿನದ ಪೋಳಿ ಮುರಿದು ತೋರಿಸುವ ಐಡಿಯಾ ಯಾರದೆಂದು ನಿಶಾ ಮೇಡಂ ಕೇಳುತ್ತಿದ್ದರು. ಒಂದು ರೀತಿಯಲ್ಲಿ ನನ್ನದು ಎನ್ನಲು ಹೊರಟಿದ್ದೆ, ಪ್ರಜ್ಞಾ ನನ್ನ ಕಾಲು ತುಳಿದಳು. ವನಜಾ ಮತ್ತು ಶಾಲಿನಿತಾಯಿ ಇದಾವುದನ್ನೂ ಕೇಳಿಸಿಕೊಳ್ಳದೆ ಸೋಫಾದ ಮೇಲೆ ಕೈಕೈ ಹಿಡಿದು ಕೂತು, ಅಳುತ್ತಾ ಪೋಳಿ ತಿನ್ನುತ್ತಿದ್ದರು. ಅದನ್ನು ತೋರಿಸುವುದು ಸರಿಯೋ ಅಲ್ಲವೋ ತಿಳಿಯದೆ ನಾನು ಫೋನನ್ನು ಮೇಲಕ್ಕೆ ತಿರುಗಿಸಿ, ಪಾರ್ಟಿ ಮುಗಿಯುವ ತನಕ ಎಲ್ಲರಿಗೂ ನಮ್ಮ ಸೀಲಿಂಗ್ ಫ್ಯಾನ್ ತೋರಿಸಿದೆ.

ಸಂಜೆ ವನಜಾ ಬೈಯಲಿಲ್ಲ. "ಡಬ್ಬಿ ಕೊಟ್ಟದ್ದಕ್ಕೆ ನನಗೆ ಬೇಸರ ಇಲ್ಲ," ಎಂದಳು. "ಶಾಲಿನಿ ಇಲ್ಲದೆ ಎಂಟು ದಿನ ನನಗೆ ಹೇಗೆ ಹೋಯಿತು ಅಂತ ನೋಡಿಯೂ ಸುಮ್ಮನೆ ಇದ್ದಿರಲ್ಲ, ಅದು." ಇನ್ನು ಮುಂದೆ ಏನು ಎಡವಟ್ಟು ಮಾಡಿದರೂ ಅದೇ ದಿನ ಹೇಳುತ್ತೇನೆಂದು ಮಾತು ಕೊಟ್ಟೆ.

ಆ ಮಾತನ್ನು ಉಳಿಸಿಕೊಳ್ಳುವ ಅವಕಾಶ ಮೊನ್ನೆ ಬಂತು. ವನಜಾ ಈಗ ನನ್ನ ಮಧ್ಯಾಹ್ನದ ಊಟವನ್ನು ಅದೇ ಕಂಪನಿಯ ಹೊಸ ಡಬ್ಬಿಯಲ್ಲಿ ಕಟ್ಟುತ್ತಾಳೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಪಾಟೀಲರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡಿರಿ ಎಂದು ಕೇಳಿದರು. ಅವರು ನನ್ನ ಟೇಬಲಿಗೆ ಬಂದು ನನ್ನ ಜೊತೆ ಊಟಕ್ಕೆ ಕೂತವರು. ಪರದೆಯ ಈಚೆಯವರು. ನನ್ನ ಬಾಯಿ ಹೆಂಡತಿಯ ಹೆಸರು ಹೇಳುವುದರೊಳಗೆ ನನ್ನ ಕೈ ಡಬ್ಬಿಯನ್ನು ತೊಳೆದು ಒರೆಸಿ ಅವರಿಗೆ ಕೊಟ್ಟಾಗಿತ್ತು. "ಇರಲಿ ಇರಲಿ, ನಮ್ಮೊಳಗೆ ಎಂಥದ್ದು," ಎಂದೂ ಹೇಳಿಯಾಗಿತ್ತು. ಠಾಣೆಯಲ್ಲಿ ಗಾಡಿ ಹತ್ತಿದ ಕೂಡಲೇ ವನಜಾಳಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಯಾವ ಭಾಷೆ ಬರುತ್ತದೋ ಎಂದು ಕಾದೆ.

ತುಳು ಬಂತು. ಪಾಟೀಲರ ಹೆಂಡತಿಯ ನಂಬರು ತಗೊಳ್ಳಿ ಎಂದಳು.

ಬರುವ ಭಾನುವಾರ ನಮ್ಮ ಹಾಲಿನಲ್ಲಿ ಪಾರ್ಟಿ ಉಂಟು, ಪಾಟೀಲರ ಹೆಂಡತಿಯೂ ಬರುತ್ತಾರೆ. ನಾನು ಪಾಟೀಲರಿಗೆ ಡಬ್ಬಿ ಕೊಟ್ಟದ್ದೋ, ಮಾರಿದ್ದೋ ನನಗಿನ್ನೂ ಸ್ಪಷ್ಟವಾಗಿಲ್ಲ. ಕೇಳಲಿಕ್ಕೂ ಹೋಗಿಲ್ಲ. ಪಾರ್ಟಿ ಮುಗಿಯುವ ತನಕ ನಾನು ಬೆಡ್‌ರೂಮಿನಲ್ಲಿ ಅಲ್ಲ, ಡೊಂಬಿವಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರಬೇಕೆಂದು ಅಪ್ಪಣೆಯಾಗಿದೆ. ಹೊರಡುವಾಗ ಡಬ್ಬಿ ಏನಾದರೂ ಉಂಟೋ ಎಂದು ನನ್ನ ಚೀಲವನ್ನು ಶಾಲಿನಿತಾಯಿ ತೆರೆದು ನೋಡುತ್ತಾರಂತೆ. ಬರಿಗೈಯಲ್ಲಿ ಹೊರಡುತ್ತೇನೆ.